ಶೀಟಿನ ಮೇಲಿನ ಬಲೆ

ಸುದ್ದಗುಂಟೆಪಾಳ್ಯ

ಸೊಣ್ಣಮ್ಮ ಆಂಟಿಗೆ ನಿಮ್ಮ ಮಹಡಿ ಮೇಲಿನ ಶೀಟ್ ಮನೆಯಲ್ಲಿ ಬಾಡಿಗೆಗಿರೋ ಜಲಜಾಕ್ಷಿ ಮಾಡುವ ನಮಸ್ಕಾರ.

ಎದುರಿಗೆ ಮಾತಾಡಿದರೆ ಇಬ್ಬರದೂ ದನಿ ಏರುತ್ತೆ, ಅದಕ್ಕೇ ಬರೀತಿದ್ದೀನಿ. ಶೀಟಿನ ಮೇಲೆ ಹೊದಿಸಿರೋ ಮೀನಿನ ಬಲೆ ತೆಗೀರಿ ಅಂದ್ರಿ. ಈಗಲೇ ತೆಗೆಯೋಕಾಗಲ್ಲ. ವಾಸನೆ ಬರುತ್ತೆ ಅನ್ನೋದು ಸುಳ್ಳು, ಸೋಪು ಹಾಕಿ ತೊಳೆದೇ ಹೊದಿಸಿದ್ದು.

ನಮ್ಮ ಕಡಲ ತೀರದಲ್ಲಿ ಜೋರು ಗಾಳಿ ಬರುತ್ತೆ ಅಂದರೆ ಹೆಂಚು ಹಾರದ ಹಾಗೆ ಹಳೇ ಬಲೆ ಹೊದಿಸಿ, ಅಂಚಿಗೆ ಕಲ್ಲು ಕಟ್ತಾರೆ. ನಮ್ಮೂರಿಗೆ ಚಂಡಮಾರುತ ಬಂದ ದಿನ ನನ್ನ ಗಂಡನ ಅಪ್ಪ, ನಮ್ಮ ಮಾವ, ಅದಕ್ಕೇ ಮನೆ ಮೇಲೆ ಹತ್ತಿದ್ದರು. ಗಾಳಿ ನಿಂತ ಮೇಲೆ ಬಲೆ ಸಿಕ್ಕಿತು, ಮಾವ ಸಿಗಲಿಲ್ಲ.

ಬೆಂಗಳೂರಲ್ಲಿ ಅಂಥ ಗಾಳಿ ಬೀಸಲ್ಲ ಅಂತ ಅತ್ತೆಗೆ ನಾನೂ ಹೇಳಿದೆ, ಕೇಳಲಿಲ್ಲ. ಇಲ್ಲಿಗೆ ಬಂದಾಗಿನಿಂದ ಗಾಳಿ ಎದ್ದರೆ ಓಡೋಕೆ ಅಂತ ರಾತ್ರಿಯೆಲ್ಲ ಬಟ್ಟೆ ಗಂಟು ಹಿಡ್ಕೊಂಡು ಬಾಗಿಲಲ್ಲೇ ಕೂತಿರ್ತಿದ್ದರು. ಬಲೆ ಹೊದಿಸಿದ ಮೇಲೆ ನಿದ್ದೆ ಮಾಡ್ತಿದ್ದಾರೆ.

ಇನ್ನೊಂದು ವಿಷಯ. ನಿಮ್ಮ ಹಸುವಿನ ಕೊಟ್ಟಿಗೆಯ ಶೀಟೂ ಸಡಿಲ ಇದೆಯಂತೆ, ಅತ್ತೆ ನೋಡಿ ಬಂದಿದ್ದಾರೆ. ಬಲೆ ಇನ್ನೂ ಅರ್ಧ ಉಳಿದಿದೆ. ನಾಳೆ ಬೆಳಿಗ್ಗೆ ಅವರು ಕಲ್ಲು ಹಿಡ್ಕೊಂಡು ಕೆಳಗೆ ಬಂದರೆ, ಜಗಳಕ್ಕೆ ಅಂದ್ಕೋಬೇಡಿ.

ಇಂತಿ,
ಜಲಜಾಕ್ಷಿ