ಏಳನೆಯ ಸೀಸೆ

ಮಾರ್ಚ್ 3, ಬೆಳಿಗ್ಗೆ 8.40
ಕಪಾಟು ತೆಗೆದೆ. ಆರೂ ಸೀಸೆ ಫಾಯಿಲ್‌ನೊಳಗೆ ಭದ್ರ. 31ರವರೆಗೆ ಬಿಚ್ಚಬಾರದು — ನಿಯಮ ಬರೆದವಳು ನಾನೇ. ಆದರೂ, ಔಷಧಕ್ಕೆ ತಟ್ಟದ ಕೆಂಪು ದೀಪದಲ್ಲಿ ಮೂರನೆಯದನ್ನು ಇಣುಕಿದೆ. ಹಳದಿ ತೆಳುವಾಗಿದೆಯಾ? ಆ ದೀಪದಲ್ಲಿ ಯಾವ ಬಣ್ಣವೂ ಸರಿಯಾಗಿ ಕಾಣಲ್ಲ.

ಬೆಳಕು ಬಿದ್ದಾಗ ಮಾತ್ರ ಈ ಔಷಧ ಕಾರ್ಬನ್ ಮಾನಾಕ್ಸೈಡ್ ಬಿಡಬೇಕು. ವಾಸಿಯಾಗದ ಗಾಯಕ್ಕೆ ಹಚ್ಚಿ, ದೀಪ ಹಿಡಿದಷ್ಟೇ ಅನಿಲ. ಹದವಾದರೆ ಮದ್ದು, ಮೀರಿದರೆ ವಿಷ. ಅನಿಲ ಬಿಟ್ಟಷ್ಟೂ ಹಳದಿ ಮಾಸುತ್ತೆ. ಕತ್ತಲಲ್ಲೂ ಹಾಗಾದರೆ ನನ್ನ ನಾಲ್ಕು ವರ್ಷ ನೀರುಪಾಲು.

ಕಪಾಟಿಗೆ ಎರಡೇ ಕೀ. ಒಂದು ನನ್ನದು, ಇನ್ನೊಂದು ಸಹೋದ್ಯೋಗಿ ಮೌನಿಯದು. ಲ್ಯಾಬಿನಲ್ಲಿ ಅವನ ಅಡ್ಡಹೆಸರು ಅದೇ. ಅವನ ಯೋಜನೆ ಬಿಟ್ಟು ನನ್ನದನ್ನು ಆರಿಸಿದ್ದರು ಲ್ಯಾಬಿನ ಮುಖ್ಯಸ್ಥೆ ದೊಡ್ಡ ಮೇಡಂ. ಹೊಟ್ಟೆಯುರಿ ಇರದೇ ಇರುತ್ತಾ?

ಮಾರ್ಚ್ 5
ಕಪಾಟಿನ ಬಾಗಿಲಿಗೆ ಅಡ್ಡಲಾಗಿ ನೂಲು ಅಂಟಿಸಿದೆ. ಬೇರೆ ಯಾರಾದರೂ ತೆಗೆದರೆ ಹರಿಯಬೇಕು; ನಾನು ತೆಗೆದಾಗ ಹೊಸದು ಅಂಟಿಸಿದರಾಯಿತು. ಫಾಯಿಲ್ ಸರಿಸಿ ಆರೂ ಸೀಸೆಯ ಫೋಟೋ ತೆಗೆದೆ. ಕೆಂಪು ದೀಪದಲ್ಲಿ ಏನೂ ಬರಲಿಲ್ಲ, ಫ್ಲ್ಯಾಶ್ ಹಾಕಿದೆ. ಒಂದು ಕ್ಷಣ ತಾನೆ. ಸಾಕ್ಷಿ ಬೇಕಲ್ಲ. ಮೂರನೆಯದರ ಮೇಲೇ ಅನುಮಾನ, ಅದಕ್ಕೆ ನಾಲ್ಕೈದು ಹೆಚ್ಚು.

ಮಾರ್ಚ್ 9
ನೂಲು ಇದ್ದ ಹಾಗೇ ಇದೆ. ಕಿಲಾಡಿ, ಮತ್ತೆ ಅಂಟಿಸಿರಬೇಕು. ಮೂರನೆಯದು ನಿಜಕ್ಕೂ ಮಸುಕು! ಈಗ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಫೋಟೋ.

“ಕಪಾಟಿನ ಕಡೆ ಹೋಗಿದ್ರಾ?” ಅಂತ ಮೌನಿಯನ್ನು ಕೇಳಿದೆ.

“ಇಲ್ಲ ಮೇಡಂ. ಯಾಕೆ, ನೀವು ತೆಗೀತಿದ್ದೀರಾ?”

ನೋಡಿ, ನನಗೇ ತಿರುಗುಬಾಣ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ.

ಮನೆಯಲ್ಲಿ ಹೇಳಿದೆ. ಅಮ್ಮ ಬಟ್ಟೆ ಮಡಚುತ್ತಾ, “ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಕಣೇ” ಅಂದಳು. ನನಗೆ ಹಳದಿ ಕಾಣದಿರೋದೇ ಕಷ್ಟ ಅಂದೆ. ನಗಲಿಲ್ಲ.

ಮಾರ್ಚ್ 16
ಆರೂ ಮಸುಕು. ಮೂರನೆಯದು ಹೆಚ್ಚುಕಡಿಮೆ ನೀರು. ಮೌನಿಯ ಮೇಲೆ ದೊಡ್ಡ ಮೇಡಂಗೆ ದೂರು ಬರೆದುಕೊಟ್ಟೆ. ಅವನ ಕಾಂಟ್ರಾಕ್ಟ್ ಈ ತಿಂಗಳಿಗೆ ಮುಗಿಯುತ್ತೆ, ಮುಂದುವರಿಸಲ್ಲ ಅಂದರು. ಮಗಳನ್ನು ಈಗಷ್ಟೇ ಶಾಲೆಗೆ ಸೇರಿಸಿದ್ದಾನಂತೆ. ಪಾಪ ಅನ್ನಿಸಿತು... ಆದರೆ ಮಾಡಿದ್ದುಣ್ಣೋ ಮಹಾರಾಯ.

ಮಾರ್ಚ್ 31, ಮಧ್ಯಾಹ್ನ 3.10
ಮೌನಿ ಕೀ ವಾಪಸ್ ಕೊಟ್ಟ. ಕಪಾಟಿನ ಕೆಳಗಿನ ಅರೆಯ ಮೂಲೆಯಿಂದ ಒಂದು ಫಾಯಿಲ್ ಪೊಟ್ಟಣ ತೆಗೆದ.

“ಮೊದಲ ದಿನ ಏಳು ತುಂಬಿಸಿದ್ವಿ ಮೇಡಂ. ಒಂದು ಮಿಗಿಸಿಡೋದು ನನ್ನ ಅಭ್ಯಾಸ. ಸೀಲಿನ ಮೇಲೆ ನಿಮ್ಮದೇ ಸಹಿ ಇದೆ, ನೋಡಿ.”

ಹೌದು, ನನ್ನದೇ. ಮರೆತೇಬಿಟ್ಟಿದ್ದೆ. ಸೀಲು ಒಡೆದೆ. ನಿಂಬೆಹಣ್ಣಿನಷ್ಟು ಹಳದಿ. ಅಂದರೆ ಔಷಧ ಕತ್ತಲಲ್ಲಿ ಗಟ್ಟಿ!

ಕುಣಿಯಬೇಕಿತ್ತು. ಫೋನ್ ತೆಗೆದು ಫೋಟೋಗಳನ್ನು ಮೊದಲಿಂದ ನೋಡಿದೆ. 5ನೇ ತಾರೀಖು ಮೂರನೆಯದೂ ಇದೇ ಹಳದಿ. ಆಮೇಲೆ ಒಂದೊಂದು ಫ್ಲ್ಯಾಶ್‌ಗೂ ಒಂದಿಷ್ಟು ಮಸುಕು. ಅತಿ ಹೆಚ್ಚು ಫೋಟೋ ಮೂರನೆಯದಕ್ಕೆ. ನೂಲು ಒಂದು ದಿನವೂ ಹರಿದಿರಲಿಲ್ಲ.

ಇಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

3.40
ದೊಡ್ಡ ಮೇಡಂ ಬಾಗಿಲ ಹೊರಗೆ ಬೆಂಚು. ಕಿಟಕಿಯಲ್ಲಿ ಮೌನಿ ಕಾಣುತ್ತಿದ್ದಾನೆ, ರಟ್ಟಿನ ಪೆಟ್ಟಿಗೆ ಹೊತ್ತು ಗೇಟಿನ ಕಡೆ. ಒಳಗಿಂದ ಕರೆದರು. ಹೇಳಬೇಕಾದ್ದು ಇಷ್ಟೇ — ಅವರನ್ನ ನಿಲ್ಲಿಸಿ ಮೇಡಂ, ಸೀಸೆ ಕೆಡಿಸಿದ್ದು...