ಪರದೆಯಾಚೆ ಉಳಿದ ಚಿಗವ್ವ

ಜೂನ್ ೧೨, ಗುರುವಾರ

ಅವ್ವ ಮತ್ತು ಅವಳ ತಂಗಿ, ಬೀಡಿ ಊರಿನ ಚಿಗವ್ವ, ಮಾತು ಬಿಟ್ಟು ಮೂರು ದಿನ. ಚಿಗವ್ವನ ಭಜನಾ ಮೇಳ ಟೀವಿಯಲ್ಲಿ ಬಂದಾಗ ಎಚ್‌ಡಿ ಬಾಕ್ಸಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದೆ. ಅವ್ವನ ಹಳೆಯ ಟೀವಿಗೆ ಜೋಡಿಸಿ ನೋಡಿದರೆ ಚಿಗವ್ವನೇ ಇಲ್ಲ. "ನೀ ಅದರಾಗ ಇಲ್ಲ ಬಿಡ" ಎಂದು ಅವ್ವ ಫೋನಿನಲ್ಲಿ ಹೇಳಿಬಿಟ್ಟಳು. ಟೀವಿಯಲ್ಲಿ ಬರುತ್ತೇನೆಂದು ಊರಿಗೆಲ್ಲ ಸಾರಿಕೊಂಡಿದ್ದ ಚಿಗವ್ವ ಸಿಟ್ಟಾಗಿ ಫೋನು ಇಟ್ಟಳು.

ತಪ್ಪು ನನ್ನದು. ಮೇಲೆ ಕೆಳಗೆ ಕಪ್ಪು ಪಟ್ಟಿ ಬೇಡವೆಂದು ಅಗಲದ ಚಿತ್ರವನ್ನು ಹಳೆಯ ಟೀವಿಯ ಚೌಕ ಪರದೆ ತುಂಬ ಹಿಗ್ಗಿಸಿದ್ದೆ. ಎರಡೂ ಬದಿ ಕತ್ತರಿಸಿಹೋಗಿದ್ದವು. ಇಂದು ಸಂಜೆ ಪಟ್ಟು ಹಿಡಿದು ಕುಳಿತು ಸರಿಮಾಡಿದೆ. ಕಪ್ಪು ಪಟ್ಟಿಗಳು ಬಂದವು. ಸಾಲಿನ ತುದಿಯಲ್ಲಿ ತಾಳ ಹಿಡಿದ ಚಿಗವ್ವನೂ ಬಂದಳು.

ಅವ್ವ ಆಗಲೇ ಫೋನು ಹಚ್ಚಿದಳು. "ಇದ್ದೀ ತಗೋ. ಎಲ್ಲಾರಕಿಂತ ನಿನ್ನ ಬಾಯೇ ದೊಡ್ಡದೈತಿ."

ಆ ಕಡೆ ಚಿಗವ್ವ ನಕ್ಕದ್ದು ನನಗೂ ಕೇಳಿಸಿತು. ಪರದೆ ತುಂಬದಿದ್ದರೂ ಚಿಂತೆಯಿಲ್ಲ, ಇನ್ನು ಯಾರನ್ನೂ ಕತ್ತರಿಸುವುದಿಲ್ಲ.