ಫೈಲಿಗೆಂದು ಬರೆದ ಪತ್ರ

೧೪ ಸೆಪ್ಟೆಂಬರ್ ೨೦೦೦, ಗುರುವಾರ

ಬಸಯ್ಯನವರ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಖಾನಾಪುರದ ಆ ಮನೆಗೆ ಮೊದಲು ನಕ್ಷೆ ಹಾಕಿದವರು ಅದೇ ಊರಿನ ಆರ್ಕಿಟೆಕ್ಟ್ ಆದ ಅವರು; ಈಗ ಆ ಕೆಲಸ ನಮ್ಮ ಆಫೀಸಿಗೆ ಬಂದಿದೆ. ಒಬ್ಬ ಆರ್ಕಿಟೆಕ್ಟ್ ಹಿಡಿದ ಕೆಲಸವನ್ನು ಇನ್ನೊಬ್ಬರು ಒಪ್ಪಿಕೊಳ್ಳುವ ಮುನ್ನ ಮೊದಲಿನವರಿಗೆ ಪತ್ರ ಬರೆದು ಕೇಳಬೇಕು. ಇದು ಆರ್ಕಿಟೆಕ್ಟರ ಸಂಘದ ರೂಢಿ. ನಮ್ಮ ಆಫೀಸಿನ ಆರ್ಕಿಟೆಕ್ಟ್ ಅಮರ ಸರ್ ಆ ಪತ್ರವನ್ನು ನನ್ನಿಂದ ಬರೆಸಿದ್ದರು. "ಸಾಹಿತ್ಯ ಓದೀದಿ, ಛಂದಾಗಿ ಬರಿ" ಎಂದಿದ್ದರು. ಮೂರು ಸಲ ತಿದ್ದಿ ಬರೆದಿದ್ದೆ.

ಇಂದು ಸೈಟಿನಲ್ಲಿ ಬಸಯ್ಯನವರು ಸಿಕ್ಕರು. "ಒಂದ್ ಮಾತು ಕೇಳಿದ್ರ ನಾ ಬ್ಯಾಡ ಅಂತಿದ್ನೇನವ್ವಾ?" ಎಂದರು. ಪತ್ರ ಕಳಿಸಿದ್ದೇವೆ ಎಂದು ನಾನು ಆಣೆ ಮಾಡಿ ಹೇಳಿದೆ.

ಆಫೀಸಿಗೆ ಬಂದು ಫೈಲು ತೆರೆದರೆ ಪತ್ರ ಅಲ್ಲೇ ಇತ್ತು, ಮಡಿಕೆ ಕೂಡ ಬಿದ್ದಿರಲಿಲ್ಲ. ಸರ್ ನಕ್ಕರು. "ಅದು ಫೈಲಿಗಂತ ಬರಸಿದ್ದು. ಸಂಘದವ್ರು ಕೇಳಿದ್ರ ತೋರಸಾಕ." ಆಮೇಲೆ ನನ್ನೆದುರೇ ಬಸಯ್ಯನವರಿಗೆ ಫೋನು ಮಾಡಿದರು. "ನಮ್ಮ ಮೇಘಾ ಪೋಸ್ಟಿಗೆ ಹಾಕಾಕ ಮರತಾಳ್ರೀ. ಸಣ್ಣ ಹುಡುಗಿ, ಹೊಟ್ಟ್ಯಾಗ ಹಾಕ್ಕೋರಿ."

ಸರ್ ರಿಸೀವರ್ ಇಟ್ಟು, "ಕ್ಷಮಿಸ್ಯಾರಂತ ನಿನ್ನ" ಎಂದರು.

ಮಾಡದ ತಪ್ಪಿಗೆ ಸಿಕ್ಕ ಕ್ಷಮೆ ಎದೆಯಲ್ಲಿ ಚುಚ್ಚುತ್ತಿದೆ. ಖಾನಾಪುರದ ಬಸ್ಸು ಹತ್ತಿ ಅವರಿಗೆ ನಿಜ ಹೇಳಿದರೆ ಈ ಕೆಲಸ ಹೋಗುತ್ತದೆ. ಹೇಳದಿದ್ದರೆ ಆ ಸುಳ್ಳು ನನ್ನ ಹೆಸರಿನಲ್ಲೇ ಉಳಿಯುತ್ತದೆ.